ನಮ್ಮ ತಂಡದಲ್ಲಿ ‘ನಮ್ಮವರು’ ಯಾರು?

2025ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಬಂದ ಒಂದು ಸುದ್ದಿ ಚೆನ್ನೈಯ ನಮ್ಮ ಭಾನುವಾರದ ಕೂಟದಲ್ಲಿ ಎರಡು ಗಂಟೆಗಳ ವಾದಕ್ಕೆ ಕಾರಣವಾಯಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿ, ಆ ದೇಶದ ಪರವಾಗಿ ಒಮ್ಮೆ ಆಡಿಯೂ ಇದ್ದ ರಯಾನ್ ವಿಲಿಯಮ್ಸ್ ತಮ್ಮ ಹಳೆಯ ಪೌರತ್ವವನ್ನು ತೊರೆದು ಭಾರತೀಯರಾಗಿದ್ದರು. ಅವರ ತಾಯಿಯ ಮನೆತನ ಮುಂಬಯಿಯದು. ಬೆಂಗಳೂರು ಎಫ್‌ಸಿ ತಂಡದಲ್ಲಿ ಅವರ ಜೊತೆಗಾರರಾದ ಸುನಿಲ್ ಛೇತ್ರಿಯೇ ಹೊಸ ಪಾಸ್‌ಪೋರ್ಟನ್ನು ಅವರ ಕೈಗಿತ್ತಿದ್ದರು. ಅದಕ್ಕೆ ಒಂದು ತಿಂಗಳ ಹಿಂದೆ, ಅಕ್ಟೋಬರ್ 14ರಂದು, ಗೋವೆಯ ಮಡಗಾಂವ್‌ನಲ್ಲಿ ಸಿಂಗಪುರದೆದುರು 1–2ರಿಂದ ಸೋತು ಭಾರತವು 2027ರ ಏಷ್ಯಾ ಕಪ್‌ನಿಂದ ಹೊರಬಿದ್ದಿತ್ತು. ಎರಡು ಸುದ್ದಿಗಳನ್ನೂ ಒಟ್ಟಿಗಿಟ್ಟು ನೋಡದವರಿಲ್ಲ.

ಕೂಟದ ಹಿರಿಯರೊಬ್ಬರು ನೊಂದುಕೊಂಡೇ ಕೇಳಿದರು: “ನೂರನಲವತ್ತು ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗಲಿಲ್ಲವೆ?” ಎದುರಿಗೆ ಕುಳಿತಿದ್ದ ಯುವ ಮಿತ್ರರ ಉತ್ತರವೂ ಹರಿತವಾಗಿಯೇ ಇತ್ತು: “ಸಾರ್, ಈ ಊರಿಗೆ ನಾವೂ ಹೊರಗಿನಿಂದ ಬಂದವರೇ. ಬಂದವರು ಯಾವಾಗ ನಮ್ಮವರಾಗುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳಬಹುದೆ?” ಇಬ್ಬರ ಮಾತಿನಲ್ಲೂ ತೂಕವಿತ್ತು. ಈ ಪ್ರಶ್ನೆ ನಿನ್ನೆ ಮೊನ್ನೆಯದಲ್ಲ, ಬೆಂಗಳೂರು ಮತ್ತು ಮದರಾಸುಗಳ ಫುಟ್‌ಬಾಲ್ ಚರಿತ್ರೆಯಲ್ಲಿಯೇ ಇದಕ್ಕೆ ಬೇರುಗಳಿವೆ ಎಂದು ನನಗೆ ಅನ್ನಿಸಿದ್ದು ಅಂದು ಮನೆಗೆ ಮರಳುವ ದಾರಿಯಲ್ಲಿ. ಆ ಬೇರುಗಳನ್ನು ಹುಡುಕುವ ಪ್ರಯತ್ನವೇ ಈ ಬರಹ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಸಿಕ್ಕಿದ್ದ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ 1–2ರಿಂದ ಸೋತರೂ ಗೌರವದಿಂದ ಸೋತರು. ಭಾರತದ ಆ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿ ಅವರೊಬ್ಬರೇ ಬೆಂಗಳೂರಿನವರಲ್ಲ. ಗೋಲ್‌ಕೀಪರ್ ವರದರಾಜ್, ವಜ್ರವೇಲು, ಧನರಾಜ್, ಅಹ್ಮದ್ ಖಾನ್ ಕೂಡ ಅದೇ ಊರಿನ ಮೈದಾನಗಳಿಂದ ಬಂದವರು.

ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ತಮಿಳು ಮನೆಮಾತಿನ ಹೆಸರುಗಳೇ ಹೆಚ್ಚು, ಒಂದು ಉರ್ದು ಮಾತನಾಡುವ ಮನೆಯದು. ಇದು ಆಕಸ್ಮಿಕವಲ್ಲ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಪೇಟೆಯಲ್ಲಿ ಅಲ್ಲ, ದಂಡಿನಲ್ಲಿ. ಮದ್ರಾಸ್ ಸ್ಯಾಪರ್ಸ್ ದಳವು 1834ರಿಂದಲೂ ಬೆಂಗಳೂರಿನಲ್ಲಿ ನೆಲೆಸಿತ್ತು. ಸೈನ್ಯದ ಬೆನ್ನಿಗೆ ಮದರಾಸು ಪ್ರಾಂತದಿಂದ ಕುಶಲಕರ್ಮಿಗಳು, ವ್ಯಾಪಾರಿಗಳು, ಕೂಲಿಗಳು ಬಂದು ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ನೆಲೆ ಕಂಡುಕೊಂಡರು. ದಂಡು ಪ್ರದೇಶದ ಆಡಳಿತ ಮೈಸೂರು ಸಂಸ್ಥಾನಕ್ಕೆ ಮರಳಿದ್ದೇ 1947ರಲ್ಲಿ. ಅಂದರೆ, ನಾವು ಇಂದು ‘ಸ್ಥಳೀಯ ಪ್ರತಿಭೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಆ ಆಟಗಾರರಲ್ಲಿ ಹಲವರು ವಲಸೆ ಬಂದ ಮನೆತನಗಳ ಮಕ್ಕಳು. ಅವರನ್ನು ಮೈಸೂರಿನವರನ್ನಾಗಿ ಮಾಡಿದ್ದು ವಂಶಾವಳಿಯಲ್ಲ. ಸಂಜೆಯ ಮೈದಾನ, ಬೀದಿಗೊಂದರಂತೆ ಇದ್ದ ಕ್ಲಬ್ಬು, ತಮ್ಮನಿಗೆ ಆಟ ಕಲಿಸಿದ ಅಣ್ಣ, ಇವು ಅವರನ್ನು ಇಲ್ಲಿಯವರನ್ನಾಗಿ ಮಾಡಿದವು. 1946–47ರಲ್ಲಿ ಬಂಗಾಳವನ್ನು ಮಣಿಸಿ ಮೈಸೂರು ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಾಗ, ಆ ಗೆಲುವು ಯಾರದೆಂದು ಯಾರೂ ಮನೆಮಾತು ಕೇಳಲಿಲ್ಲ.

ಇನ್ನು ಕತೆಯ ಎರಡನೆಯ ಭಾಗ. ಬೆಳೆ ಬಂದ ಮೇಲೆ ಕೊಳ್ಳುವವರೂ ಬರುತ್ತಾರೆ. ಅಹ್ಮದ್ ಖಾನ್ ಮತ್ತು ಧನರಾಜ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಸಾಲೆಹ್, ಅಪ್ಪಾರಾವ್, ವೆಂಕಟೇಶರೊಡನೆ ಇವರಿಬ್ಬರೂ ಕೂಡಿದ ಐವರ ಮುಂಪಡೆಯನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದು ಕರೆದರು. ಐವರೂ ದಕ್ಷಿಣದವರೇ. 1949, 1950, 1951, ಮೂರು ವರ್ಷ ಒಂದೇ ಸಮನೆ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿನ ಪಾಲಾಯಿತು. ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡು ಕಲ್ಕತ್ತೆಗೆ ಬಂದಿದ್ದ ಪೂರ್ವ ಬಂಗಾಳದ ಜನ ತಮ್ಮ ಅಭಿಮಾನವನ್ನು ಪೂರ್ತಿಯಾಗಿ ಒಪ್ಪಿಸಿದ್ದು ಬಂಗಾಳಿ ಬಾರದ ಈ ಐವರಿಗೆ! ಅಲ್ಲಿ ‘ನಮ್ಮವರು’ ಎಂಬುದಕ್ಕೆ ಆಟವೇ ಅರ್ಥ ಕೊಟ್ಟಿತು. ಅಹ್ಮದ್ ಖಾನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿಯೂ ಆಡಿದರು. ಯುಗೊಸ್ಲಾವಿಯಾ 10–1ರಿಂದ ನಮ್ಮನ್ನು ಬಗ್ಗುಬಡಿದ ಆ ಪಂದ್ಯದ ಒಂಟಿ ಗೋಲು ಅವರದೇ.

ಮದರಾಸಿನ ಕಡೆಯ ಕತೆಯೂ ಇದಕ್ಕೆ ಸಮಾಂತರವಾಗಿದೆ. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿದ್ದ ಮದ್ರಾಸ್ ರೆಜಿಮೆಂಟಲ್ ಸೆಂಟರ್ 1955 ಮತ್ತು 1958ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. ಆ ಪಾಳಯದಲ್ಲಿ ಬೆಳೆದ ಗೋಲ್‌ಕೀಪರ್ ಪೀಟರ್ ತಂಗರಾಜ್ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಗೋಲು ಕಾಯ್ದರು. ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಆ ತಂಡದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅರುಮೈನಾಯಗಂ ಕೂಡ ಇದ್ದರು. ತಂಜಾವೂರಿನ ಸೈಮನ್ ಸುಂದರರಾಜ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪೆರುವಿನ ವಿರುದ್ಧ ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತ ಹೊಡೆದ ಕೊನೆಯ ಗೋಲು ಅದು. ಆ ಬಳಿಕ ನಾವು ಆ ಕೂಟಕ್ಕೆ ಅರ್ಹತೆ ಪಡೆದೇ ಇಲ್ಲ.

ಇಷ್ಟು ಫಲವತ್ತಾಗಿದ್ದ ನೆಲ ಬಂಜೆಯಾದದ್ದು ಹೇಗೆ? ಹಣದ ಆಮಿಷದಿಂದ ಆಟಗಾರರು ಕಲ್ಕತ್ತೆಗೆ ಹೋದರು ಎಂಬುದು ಸುಲಭದ ಉತ್ತರ. ಅದು ಪೂರ್ತಿ ನಿಜವಲ್ಲ. ಆಟಗಾರರು ಹೋದ ಮೇಲೂ ಮೈಸೂರು 1952–53ರಲ್ಲಿ, ಮತ್ತೆ 1967–68 ಹಾಗೂ 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಮೂರು ಸಲವೂ ಸೋತದ್ದು ಬಂಗಾಳವೇ. ಹಣ್ಣು ಕೊಯ್ದವರಿಂದ ತೋಟ ಒಣಗಲಿಲ್ಲ, ನೀರು ನಿಂತದ್ದರಿಂದ ಒಣಗಿತು. ಆ ನೀರು ಎರಡು ಕಾಲುವೆಗಳಲ್ಲಿ ಹರಿಯುತ್ತಿತ್ತು. ಒಂದು, ಬಯಲು. ಇನ್ನೊಂದು, ಉದ್ಯೋಗ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್, ಚೆನ್ನೈಯಲ್ಲಿ ಪೆರಂಬೂರಿನ ಐಸಿಎಫ್, ದಕ್ಷಿಣ ರೈಲ್ವೆ, ಇಂಡಿಯನ್ ಬ್ಯಾಂಕ್ ಇವೆಲ್ಲ ತಂಡಗಳನ್ನು ಸಾಕಿದವು. ಚೆನ್ನಾಗಿ ಆಡುವ ಬಡ ಹುಡುಗನಿಗೆ ತಿಂಗಳ ಸಂಬಳದ ಕೆಲಸ ಸಿಗುತ್ತಿತ್ತು. ಅದಕ್ಕಾಗಿಯೇ ಅವನ ತಾಯಿ ಅವನನ್ನು ಮೈದಾನಕ್ಕೆ ಕಳಿಸುತ್ತಿದ್ದಳು. ಉದಾರೀಕರಣದ ನಂತರದ ದಶಕಗಳಲ್ಲಿ ಆ ನೇಮಕಾತಿಗಳು ಕ್ಷೀಣಿಸಿದವು, ಬಯಲುಗಳ ಮೇಲೆ ಕಟ್ಟಡಗಳೆದ್ದವು. ಹೆಸರು ಮಾಡಿದ ಸಂಸ್ಥೆಗಳ ತಂಡಗಳು ಒಂದೊಂದಾಗಿ ಹಿಂದೆ ಸರಿದವು.

ಆ ತೆರವಾದ ಜಾಗಕ್ಕೆ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂತು, ಅದರೊಡನೆ ಚೆನ್ನೈಯಿನ್ ಎಫ್‌ಸಿ ಕೂಡ. ಮೊದಲ ವರ್ಷಗಳಲ್ಲಿ ಒಂದು ತಂಡದ ಹನ್ನೊಂದು ಮಂದಿಯಲ್ಲಿ ಆರು ಮಂದಿ ವಿದೇಶೀಯರು ಆಡಬಹುದಿತ್ತು. 2017–18ರಲ್ಲಿ ಆ ಸಂಖ್ಯೆ ಐದಕ್ಕೆ, 2021–22ರಲ್ಲಿ ನಾಲ್ಕಕ್ಕೆ ಇಳಿಯಿತು. 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಅಂತಿಮ ಪಂದ್ಯ ನಮ್ಮ ಎರಡೂ ಊರುಗಳ ನಡುವಿನದು. ಚೆನ್ನೈ 3–2ರಿಂದ ಗೆದ್ದಿತು. ಚೆನ್ನೈಯ ಮೂರು ಗೋಲುಗಳೂ ಬ್ರೆಜಿಲ್ ಆಟಗಾರರವು. ಬೆಂಗಳೂರಿನ ಎರಡರಲ್ಲಿ ಒಂದು ವೆನೆಜುವೆಲಾದ ಮಿಕು ಹೊಡೆದದ್ದು, ಇನ್ನೊಂದು ಛೇತ್ರಿಯದು. ಐದು ಗೋಲುಗಳಲ್ಲಿ ಭಾರತೀಯನದು ಒಂದು! ಲೀಗಿನಿಂದ ನಮ್ಮ ಹುಡುಗರಿಗೆ ಒಳ್ಳೆಯ ಸಂಬಳ, ಹುಲ್ಲು, ತರಬೇತಿ ದೊರೆತದ್ದು ನಿಜ. ಆದರೆ ಗೋಲು ಹೊಡೆಯುವ ಜಾಗವನ್ನು ಕ್ಲಬ್ಬುಗಳು ಹೊರಗಿನವರಿಗೇ ಮೀಸಲಿಟ್ಟವು. ಅದರ ಫಲ ನಮ್ಮ ಕಣ್ಣ ಮುಂದಿದೆ. 2024ರ ಜೂನ್‌ನಲ್ಲಿ ನಿವೃತ್ತರಾದ ಛೇತ್ರಿಯನ್ನು 2025ರ ಮಾರ್ಚ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ರಾಷ್ಟ್ರೀಯ ತಂಡ ಮರಳಿ ಕರೆಯಬೇಕಾಯಿತು.

ಹಾಗಾದರೆ ಹೊರನಾಡಿನಲ್ಲಿ ಹುಟ್ಟಿದ ಭಾರತೀಯ ಮೂಲದವರನ್ನು ಏಕೆ ಕರೆತರಬಾರದು? ಇಲ್ಲಿ ಕಾನೂನು ಅಡ್ಡ ಬರುತ್ತದೆ. ಭಾರತವು ದ್ವಿಪೌರತ್ವವನ್ನು ಒಪ್ಪುವುದಿಲ್ಲ. ಒಸಿಐ ಚೀಟಿ ಪೌರತ್ವವಲ್ಲ. 2008ರಿಂದ ದೇಶದ ಪರವಾಗಿ ಆಡಲು ಭಾರತೀಯ ಪಾಸ್‌ಪೋರ್ಟ್ ಕಡ್ಡಾಯ. ಜಪಾನಿನಲ್ಲಿ ಹುಟ್ಟಿದ, ಭಾರತೀಯ ತಂದೆಯ ಮಗನಾದ ಅರಾತಾ ಇಜುಮಿ ಜಪಾನಿನ ಪೌರತ್ವ ತೊರೆದು 2013ರಲ್ಲಿ ಭಾರತಕ್ಕೆ ಆಡಿದರು. ಅಂಥ ತ್ಯಾಗಕ್ಕೆ ಸಿದ್ಧರಾಗುವವರು ವಿರಳ. ಸಿದ್ಧರಾದವರನ್ನು ‘ಹೊರಗಿನವರು’ ಎಂದು ಹೀಗಳೆಯುವುದು ನ್ಯಾಯವಲ್ಲ. ಹಿರಿಯರ ಮಾತನ್ನು ನಾನು ಇಷ್ಟರ ಮಟ್ಟಿಗೆ ಒಪ್ಪಲಾರೆ.

ಹೊರಗಿನ ಉದಾಹರಣೆಗಳು ಎರಡೂ ಕಡೆಗೆ ವಾದಿಸುತ್ತವೆ. ಇಂಡೋನೇಷ್ಯಾ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ ಬೆಳೆದ ಆಟಗಾರರನ್ನು ಸೇರಿಸಿಕೊಂಡು 2026ರ ವಿಶ್ವಕಪ್ ಅರ್ಹತೆಯ ಹೊಸ್ತಿಲವರೆಗೆ ಹೋಗಿ ಅಲ್ಲಿಯೇ ನಿಂತಿತು. ಮಲೇಷ್ಯಾ ಅವಸರಪಟ್ಟಿತು. ಅದರ ಏಳು ಆಟಗಾರರ ಪೂರ್ವಜರ ದಾಖಲೆಗಳನ್ನು ತಿದ್ದಲಾಗಿದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಫಿಫಾ ತೀರ್ಮಾನಿಸಿ ಶಿಕ್ಷೆ ವಿಧಿಸಿತು. ಮೊರಾಕ್ಕೊ ಬೇರೆ ದಾರಿ ಹಿಡಿಯಿತು. 2022ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಅದರ 26 ಆಟಗಾರರಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಆದರೆ ಅದಕ್ಕೆ ಹತ್ತು ವರ್ಷಗಳಿಗೂ ಮೊದಲೇ ಆ ದೇಶ ತನ್ನ ನೆಲದಲ್ಲಿ ದೊಡ್ಡ ಅಕಾಡೆಮಿಯೊಂದನ್ನು ಕಟ್ಟಿಕೊಂಡಿತ್ತು. 2025ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್ಪನ್ನೂ ಗೆದ್ದಿತು. ಕಡ ತಂದು ಬಿತ್ತಿದವನಿಗೂ ಕಡ ತಂದು ಉಂಡವನಿಗೂ ಇರುವ ವ್ಯತ್ಯಾಸ ಇದು.

ನಮ್ಮ ಎರಡೂ ಊರುಗಳಲ್ಲಿ ಬಿತ್ತನೆ ಪೂರ್ತಿ ನಿಂತಿಲ್ಲ. ಉತ್ತರ ಚೆನ್ನೈಯ ವ್ಯಾಸರ್ಪಾಡಿಯ ಬೀದಿಗಳಿಂದ ಬಂದ ಧನಪಾಲ್ ಗಣೇಶ್ ಚೆನ್ನೈಯಿನ್ ತಂಡಕ್ಕೂ ದೇಶಕ್ಕೂ ಆಡಿದರು. 2023ರ ಆಗಸ್ಟ್‌ನಲ್ಲಿ ಡ್ಯುರಾಂಡ್ ಕಪ್ಪಿನಲ್ಲಿ ಮೋಹನ್ ಬಾಗಾನ್ ವಿರುದ್ಧ ಈಸ್ಟ್ ಬೆಂಗಾಲಿಗೆ 1–0 ಗೆಲುವು ತಂದುಕೊಟ್ಟ ಗೋಲು ಚೆನ್ನೈಯ ನಂದಕುಮಾರ್ ಶೇಖರ್ ಅವರದು. ಪಂಚಪಾಂಡವರ ಕಾಲದ ಎಪ್ಪತ್ತು ವರ್ಷಗಳ ನಂತರವೂ ದಕ್ಷಿಣದ ಹುಡುಗನೊಬ್ಬ ಅದೇ ಅಂಗಿ ತೊಟ್ಟು ಕಲ್ಕತ್ತೆಯನ್ನು ಕುಣಿಸಿದ. ಅದೇ ವರ್ಷದ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೇ ಓರಾಂ, ರಾಬಿನ್ ಯಾದವ್. ಈ ಹೆಸರುಗಳನ್ನು ಓದುವಾಗ ನನಗೆ 1948ರ ಹೆಸರುಗಳೇ ನೆನಪಾದವು. ಕರ್ನಾಟಕದ ತಂಡ ಅಂದೂ ಹೀಗೆಯೇ ಇತ್ತು.

ಆದ್ದರಿಂದ ಯುವ ಮಿತ್ರರ ಮಾತನ್ನು ನಾನು ಒಪ್ಪುತ್ತೇನೆ: ಬಂದವರು ನಮ್ಮವರಾಗಬಲ್ಲರು. ಆದರೆ ಹಿರಿಯರ ನೋವಿನ ತಿರುಳನ್ನು ಬಿಟ್ಟುಕೊಡಲಾರೆ. ದಂಡಿಗೆ ವಲಸೆ ಬಂದವರ ಮಕ್ಕಳಿಗೆ ಆಡಲು ಬಯಲಿತ್ತು, ಆಡಿದ ಮೇಲೆ ದುಡಿಯಲು ಕೆಲಸವಿತ್ತು. ಪರ್ತ್‌ನಲ್ಲಿ ಹುಟ್ಟಿದವರಿಗೂ ಅಲ್ಲಿ ಬಯಲಿತ್ತು, ಕಲಿಸುವವರಿದ್ದರು. ಬೇರೆ ದೇಶವು ಇಪ್ಪತ್ತು ವರ್ಷ ನೀರೆರೆದು ಬೆಳೆಸಿದ ಆಟಗಾರನನ್ನು ನಾವು ಸ್ವಾಗತಿಸೋಣ. ಆದರೆ ವ್ಯಾಸರ್ಪಾಡಿಯಲ್ಲೋ ಗೌತಮಪುರದಲ್ಲೋ ಇಂದು ಚೆಂಡು ಒದೆಯುತ್ತಿರುವ ಹತ್ತು ವರ್ಷದ ಹುಡುಗನಿಗೆ ನಾವು ಏನು ಕೊಟ್ಟಿದ್ದೇವೆ ಎಂಬ ಪ್ರಶ್ನೆಗೆ ಆ ಸ್ವಾಗತ ಉತ್ತರವಾಗಲಾರದು.

ಮುಂದಿನ ಭಾನುವಾರ ಕೂಟದಲ್ಲಿ ಈ ಮಾತನ್ನೆಲ್ಲ ಹೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಬಡಾವಣೆಯ ಮೈದಾನಕ್ಕೆ ಕಳೆದ ವರ್ಷ ಬೇಲಿ ಹಾಕಿದರು. ನಾನೂ ಸಹಿ ಹಾಕಿದ್ದೆ, ಹುಡುಗರ ಗಲಾಟೆ ಎಂದು,” ಎಂದರು. ಆಮೇಲೆ ಯಾರೂ ವಾದ ಮುಂದುವರಿಸಲಿಲ್ಲ.