ಬಿಳಿಯ ಹಿಮ, ಕೆಂಪು ನೆತ್ತರು, ನಡುವೆ ನಗು

2009ರಲ್ಲಿ ತೆರೆಕಂಡ ನಾರ್ವೆ ದೇಶದ ಒಂದು ಚಲನಚಿತ್ರದಿಂದ ಈ ಮಾತನ್ನು ಆರಂಭಿಸೋಣ. ಹೆಸರು ‘ಡೋಡ್ ಸ್ನೋ’, ಎಂದರೆ ‘ಸತ್ತ ಹಿಮ’. ವೈದ್ಯಕೀಯ ವಿದ್ಯಾರ್ಥಿಗಳ ಗುಂಪೊಂದು ಈಸ್ಟರ್ ರಜೆಗೆಂದು ಬೆಟ್ಟದ ಮೇಲಿನ ಮರದ ಮನೆಗೆ ಹೋಗುತ್ತದೆ. ಅಲ್ಲಿ ಅವರಿಗೆ ಚಿನ್ನ ತುಂಬಿದ ಪೆಟ್ಟಿಗೆ ಸಿಗುತ್ತದೆ. ಆಮೇಲೆ ಹಿಮದೊಳಗಿಂದ ನಾಜಿ ಸಮವಸ್ತ್ರ ತೊಟ್ಟ ಹೆಣಗಳು ಎದ್ದು ಬರುತ್ತವೆ! ಮುಂದಿನದು ರಕ್ತದ ಓಕುಳಿ. ಒಬ್ಬನಂತೂ ಹೆಣದ ಕರುಳನ್ನೇ ಹಗ್ಗ ಮಾಡಿಕೊಂಡು ಪ್ರಪಾತದಲ್ಲಿ ಜೋತಾಡುತ್ತಾನೆ. ಪ್ರೇಕ್ಷಕರು ಮುಖ ಮುಚ್ಚಿಕೊಳ್ಳುತ್ತಾರೆ, ಬೆರಳ ಸಂದಿಯಿಂದ ನೋಡಿ ನಗುತ್ತಾರೆ.

ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎಂದ ಭರತಮುನಿ. ಇಲ್ಲಿ ಬೀಭತ್ಸದಿಂದ ಹಾಸ್ಯವೂ ಹುಟ್ಟುತ್ತದೆ. ಅತಿಯಾದ ನೆತ್ತರು ನೆತ್ತರಾಗಿ ಉಳಿಯದೆ ಬಣ್ಣದ ನೀರಾಗಿಬಿಡುವುದೇ ಅದರ ಗುಟ್ಟು. ಬಿಳಿಯ ಹಿಮದ ಮೇಲೆ ಆ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ. ಸುತ್ತ ರಸ್ತೆಯಿಲ್ಲ, ನೆರೆಮನೆಯಿಲ್ಲ, ಕೂಗಿದರೆ ಓಗೊಡುವವರಿಲ್ಲ. ಹೆಣ ಕೊಳೆಯದೆ ಉಳಿಯಲು ಚಳಿಯೇ ಸಾಕು, ಮಂತ್ರ ಬೇಕಿಲ್ಲ.

ಆದರೆ ಹಿಮಕ್ಕೂ ಹೆಣಕ್ಕೂ ಇರುವ ನಂಟು ಸಿನಿಮಾದವರು ಕಟ್ಟಿದ್ದಲ್ಲ. ಉತ್ತರ ನಾರ್ವೆಯ ಫಿನ್‌ಮಾರ್ಕ್ ಪ್ರಾಂತದಲ್ಲಿ ಚಳಿಗಾಲದ ಸುಮಾರು ಎರಡು ತಿಂಗಳು ಸೂರ್ಯ ಮೂಡುವುದಿಲ್ಲ. ಹಳೆಯ ನಾರ್ಸ್ ಕಥೆಗಳಲ್ಲಿ ‘ದ್ರೌಗ್’ ಎಂಬ ನಡೆದಾಡುವ ಶವ ಸಮಾಧಿಯ ನಿಧಿಯನ್ನು ಕಾಯುತ್ತದೆ. ಐಸ್‌ಲೆಂಡಿನ ‘ಗ್ರೆಟ್ಟಿರ್ ಸಾಗಾ’ದಲ್ಲಿ ಗ್ಲಾಮ್ ಎಂಬ ಕುರುಬ ಕ್ರಿಸ್‌ಮಸ್ ಹೊತ್ತಿನಲ್ಲಿ ಸತ್ತು, ರಾತ್ರಿ ಮನೆಗಳ ಸೂರಿನ ಮೇಲೇರಿ ಕೂರುತ್ತಾನೆ. ಚಿತ್ರದ ನಾಜಿ ಹೆಣಗಳು ಬೆನ್ನಟ್ಟುವುದೂ ಚಿನ್ನಕ್ಕಾಗಿಯೇ.

ಈಗ ಸಮವಸ್ತ್ರದ ವಿಷಯ. ಇಲ್ಲಿ ನಗು ಸ್ವಲ್ಪ ತಡೆಯುತ್ತದೆ.

1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಯ ಮೇಲೆ ಆಕ್ರಮಣ ಮಾಡಿತು. 1944ರ ಸೆಪ್ಟೆಂಬರಿನಲ್ಲಿ ಫಿನ್‌ಲೆಂಡ್ ಸೋವಿಯತ್ ಒಕ್ಕೂಟದೊಡನೆ ಕದನವಿರಾಮ ಮಾಡಿಕೊಂಡಾಗ ಉತ್ತರದ ಜರ್ಮನ್ ಸೇನೆ ಹಿಂದೆ ಸರಿಯಬೇಕಾಯಿತು. ಅಕ್ಟೋಬರ್ 25ರಂದು ಕೆಂಪುಸೇನೆ ಕಿರ್ಕೆನೆಸ್ ಪಟ್ಟಣವನ್ನು ಪ್ರವೇಶಿಸಿತು. ಮೂರೇ ದಿನಗಳಲ್ಲಿ ಹಿಟ್ಲರನ ಆಜ್ಞೆ ಬಂತು: ಜನರನ್ನೆಲ್ಲ ಹೊರಡಿಸಿ, ಇದ್ದುದನ್ನೆಲ್ಲ ಸುಡಿ. ಶತ್ರುವಿಗೆ ಒಂದು ಸೂರೂ ಸಿಗಬಾರದು ಎಂಬುದು ಲೆಕ್ಕಾಚಾರ. 10,000ಕ್ಕೂ ಹೆಚ್ಚು ಮನೆಗಳು, ಆಸ್ಪತ್ರೆಗಳು, ಶಾಲೆಗಳು, ದೋಣಿಕಟ್ಟೆಗಳು ಬೂದಿಯಾದವು. ಸುಮಾರು 50,000 ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸಲಾಯಿತು. ಸುಮಾರು 25,000 ಜನ ಒಪ್ಪಲಿಲ್ಲ. ಗುಹೆಗಳಲ್ಲಿ, ಮಣ್ಣಹೆಂಟೆಯ ಗುಡಿಸಲುಗಳಲ್ಲಿ, ಮಗುಚಿದ ದೋಣಿಗಳ ಅಡಿಯಲ್ಲಿ ಅವಿತು ಚಳಿಗಾಲ ಕಳೆದರು. ಹ್ಯಾಮರ್‌ಫೆಸ್ಟ್ ಪಟ್ಟಣದಲ್ಲಿ ಸ್ಮಶಾನದ ಪ್ರಾರ್ಥನಾಮಂದಿರವೊಂದೇ ಉಳಿಯಿತು. ಬದುಕಿದ್ದವರ ಮನೆಗಳೆಲ್ಲ ಹೋಗಿ ಸತ್ತವರ ಮನೆ ಮಾತ್ರ ನಿಂತಿದ್ದನ್ನು ಯಾವ ಚಿತ್ರಕಥೆಗಾರ ತಾನೇ ಬರೆದಾನು?

ಆಜ್ಞೆಯನ್ನು ಜಾರಿಗೊಳಿಸಿದ ಜನರಲ್ ಲೋಥಾರ್ ರೆಂಡುಲಿಕ್ 1948ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯದಿಂದ ಬೇರೆ ಅಪರಾಧಗಳಿಗೆ ಶಿಕ್ಷೆ ಪಡೆದ. ಫಿನ್‌ಮಾರ್ಕ್ ಸುಟ್ಟದ್ದಕ್ಕೆ ಮಾತ್ರ ಖುಲಾಸೆಯಾಯಿತು. ಆ ವಿನಾಶ ನಿಜವಾಗಿ ಅಗತ್ಯವಿರಲಿಲ್ಲವಾದರೂ, ಆ ಗಳಿಗೆಯಲ್ಲಿ ಅಗತ್ಯವೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದನೆಂದು ನ್ಯಾಯಾಲಯ ಹೇಳಿತು.

ಚಿತ್ರದ ನಿರ್ದೇಶಕ ಟಾಮಿ ವಿರ್ಕೋಲಾ 1979ರಲ್ಲಿ ಹುಟ್ಟಿದ್ದು ಇದೇ ಫಿನ್‌ಮಾರ್ಕಿನ ಆಲ್ಟಾದಲ್ಲಿ. ಅವರ ಕಥೆಯಲ್ಲಿ ಓಕ್ಸ್‌ಫ್ಯೋರ್ಡಿನ ಹಳ್ಳಿಗರು ಕತ್ತಿ ಕುಡುಗೋಲು ಹಿಡಿದು ಲೂಟಿಕೋರ ಸೈನಿಕರ ಮೇಲೆ ತಿರುಗಿ ಬೀಳುತ್ತಾರೆ. ಉಳಿದವರು ಚಿನ್ನದೊಡನೆ ಬೆಟ್ಟಕ್ಕೆ ಓಡಿ ಹೆಪ್ಪುಗಟ್ಟುತ್ತಾರೆ. ಈ ದಂಗೆ ಕಲ್ಪನೆ. ನ್ಯಾಯಾಲಯ ಕೊಡದಿದ್ದ ಶಿಕ್ಷೆಯನ್ನು ಕಥೆ ಕೊಟ್ಟಿತೆಂದು ನನಗೆ ತೋರುತ್ತದೆ. ಸುಟ್ಟ ನೆಲದ ಮೇಲೆ ಹೀಗೆ ನಗಬಹುದೇ ಎಂದು ಕೇಳುವವರು ಇರುತ್ತಾರೆ. ಆ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಇಲ್ಲಿ ನಗೆಪಾಟಲಾಗುವುದು ನೊಂದವರಲ್ಲ, ಸಮವಸ್ತ್ರ. ಜೊತೆಗೆ ಇಂದಿನ ಯುವಕರ ಅಜ್ಞಾನವೂ ಗೇಲಿಗೆ ಗುರಿಯಾಗುತ್ತದೆ: ಹೆಣಗಳತ್ತ ಬೆಂಕಿಯ ಸೀಸೆ ಎಸೆಯಲು ಹೋಗಿ ಅವರು ತಾವು ತಂಗಿದ್ದ ಮನೆಗೇ ಬೆಂಕಿ ಹಚ್ಚುತ್ತಾರೆ, ಅದೂ ಫಿನ್‌ಮಾರ್ಕಿನಲ್ಲಿ.

ಕೊನೆಗೆ ಉಳಿದ ಒಬ್ಬನೇ ಒಬ್ಬ ಚಿನ್ನದ ಪೆಟ್ಟಿಗೆಯನ್ನು ಹಿಂದಿರುಗಿಸಿ ಓಡಿ ಬಂದು ಕಾರು ಹತ್ತುತ್ತಾನೆ. ಜೇಬಿನಿಂದ ಒಂದು ನಾಣ್ಯ ಜಾರುತ್ತದೆ. ತಲೆಯೆತ್ತಿದರೆ, ಕಿಟಕಿಯಾಚೆ ಅಧಿಕಾರಿಯ ಮುಖ.