ಕ್ರಿಸ್ಮಸ್ ಊಟೋಪಚಾರಕ್ಕೆ ದ್ರಾಕ್ಷಾರಸ ಹಾಗೂ ಇತರ ಪಾನೀಯಗಳ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಕ್ರಿಸ್ಮಸ್ ಹಬ್ಬದ ಸಂದರ್ಭದಲ್ಲಿ ಮನೆಗಳಲ್ಲಿಯೂ ಸಭಾಭವನಗಳಲ್ಲಿಯೂ ಏರ್ಪಡುವ ಊಟೋಪಚಾರಗಳಿಗೆ ಯಾವ ಪಾನೀಯಗಳನ್ನು ಎಷ್ಟು ಪ್ರಮಾಣದಲ್ಲಿ ತರಬೇಕು, ಹೇಗೆ ಬಡಿಸಬೇಕು ಹಾಗೂ ಯಾವ ಸಂದರ್ಭದಲ್ಲಿ ಸನ್ನದು ಪಡೆಯಬೇಕು ಎಂಬ ಬಗ್ಗೆ ರಾಜ್ಯದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇದು ಮದ್ಯಪಾನಕ್ಕೆ ಪ್ರೋತ್ಸಾಹವಲ್ಲ. ಯಾವುದೇ ತಯಾರಕರ ಉತ್ಪನ್ನವನ್ನು ಇಲ್ಲಿ ಶಿಫಾರಸು ಮಾಡಿರುವುದಿಲ್ಲ. ಇಲ್ಲಿ ‘ದ್ರಾಕ್ಷಾರಸ’ ಎಂದರೆ ವೈನ್ ಎಂದು ಅರ್ಥೈಸತಕ್ಕದ್ದು. ಹುದುಗು ಬಾರದ ರಸವನ್ನು ‘ದ್ರಾಕ್ಷಿ ಹಣ್ಣಿನ ರಸ’ ಎಂದೇ ಕರೆಯಲಾಗಿದೆ. ಎರಡನ್ನೂ ಒಂದೇ ಎಂದು ತಿಳಿದು ಮಕ್ಕಳ ಲೋಟಕ್ಕೆ ಸುರಿಯುವ ಪ್ರಮಾದವಾಗಬಾರದು.

ಊಟಕ್ಕೆ ತಕ್ಕ ದ್ರಾಕ್ಷಾರಸ

ದ್ರಾಕ್ಷಾರಸದ ಆಯ್ಕೆಯ ಬಗ್ಗೆ ದೊರೆಯುವ ಪುಸ್ತಕಗಳಲ್ಲಿ ಬಹುಪಾಲು ಯೂರೋಪಿನ ಊಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿಯ ಕ್ರಿಸ್ಮಸ್ ಊಟದಲ್ಲಿ ಬೇಯಿಸಿದ ಟರ್ಕಿ ಕೋಳಿ, ಸುಟ್ಟ ಮಾಂಸ, ಆಲೂಗಡ್ಡೆ ಇರುತ್ತವೆ. ಖಾರವಿಲ್ಲ, ಹುಣಸೆಯಿಲ್ಲ, ತೆಂಗಿನಕಾಯಿಯಿಲ್ಲ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳ ಹಬ್ಬದ ಊಟದಲ್ಲಾದರೋ ಬಫಾತ್ ಪುಡಿ ಹಾಕಿದ ಹಂದಿಮಾಂಸ, ಸಾನ್ನಾ, ಕೋಳಿ ಸಾರು, ಮೀನು ಇರುತ್ತವೆ. ಬೆಂಗಳೂರಿನ ಮನೆಗಳಲ್ಲಿ ಬಿರಿಯಾನಿ, ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ವಿಂದಾಲು ಹಾಗೂ ಹುರಿದ ಮಾಂಸ ವಾಡಿಕೆ. ಆದ್ದರಿಂದ ‘ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ’ ಎಂಬ ಸೂತ್ರವು ನಮ್ಮ ಊಟಕ್ಕೆ ಸರಿಹೊಂದುವುದು ಅಪರೂಪ.

ಕಾರಣ ಸರಳವಾದುದು. ಖಾರದ ಉರಿಯನ್ನು ಮದ್ಯಸಾರವು ಹೆಚ್ಚಿಸುತ್ತದೆ. ಕೆಂಪು ದ್ರಾಕ್ಷಾರಸಕ್ಕೆ ಹಣ್ಣಿನ ಸಿಪ್ಪೆ, ಬೀಜಗಳಿಂದ ಬರುವ ಒಗರು ಖಾರದೊಡನೆ ಸೇರಿದಾಗ ಬಾಯಿ ಒಣಗಿದಂತಾಗಿ ಕಹಿ ಉಳಿಯುತ್ತದೆ. ಮರದ ಪೀಪಾಯಿಯಲ್ಲಿ ಬಹುಕಾಲ ಇರಿಸಿದ, ಶೇಕಡ 14ರಷ್ಟು ಮದ್ಯಸಾರವುಳ್ಳ ದುಬಾರಿ ಕ್ಯಾಬರ್ನೆ ಸಾವಿನ್ಯಾನ್ ಬಾಟಲಿಯೊಂದನ್ನು ಬಫಾತಿನೊಡನೆ ತೆರೆದರೆ ಎರಡೂ ಕೆಡುತ್ತವೆ. ಖಾರವನ್ನು ತಣಿಸುವುದು ಸಿಹಿ. ಕೊಬ್ಬಿನ ಜಿಡ್ಡನ್ನು ಕತ್ತರಿಸುವುದು ಹುಳಿ. ಆದುದರಿಂದ ಹಂದಿಮಾಂಸದ ಬಫಾತ್, ಸೊರ್ಪೊತೆಲ್, ವಿಂದಾಲು ಮುಂತಾದ ಖಾರ ಮತ್ತು ಹುಳಿ ಕೂಡಿದ ಅಡುಗೆಗೆ ನಸುಸಿಹಿಯುಳ್ಳ ಶೆನಿನ್ ಬ್ಲಾಂಕ್ ಅಥವಾ ನಸುಗೆಂಪು ಬಣ್ಣದ ರೋಸೆಯನ್ನು ಚೆನ್ನಾಗಿ ತಣಿಸಿ ಕೊಡುವುದು ಉತ್ತಮ. ಕೆಂಪೇ ಬೇಕೆನ್ನುವವರು ಒಗರು ಕಡಿಮೆಯಿರುವ, ಪೀಪಾಯಿಯಲ್ಲಿ ಇರಿಸದ ಎಳೆಯ ಶಿರಾಜ್ ಆರಿಸಿಕೊಳ್ಳಬಹುದು.

ವಿನೆಗರ್ ಅಥವಾ ಹುಣಸೆ ಹೆಚ್ಚಾಗಿರುವ ಅಡುಗೆಯ ಮುಂದೆ ಹುಳಿ ಕಡಿಮೆಯಿರುವ ದ್ರಾಕ್ಷಾರಸ ನೀರಿನಂತೆ ಸಪ್ಪೆಯಾಗಿ ತೋರುತ್ತದೆ. ತೆಂಗಿನ ಹಾಲಿನ ಮೀನು ಸಾರು, ಹುರಿದ ಮೀನು, ಸೀಗಡಿಗೆ ಸಿಹಿಯಿಲ್ಲದ, ಹುಳಿ ಎದ್ದು ತೋರುವ ಸಾವಿನ್ಯಾನ್ ಬ್ಲಾಂಕ್ ಒಪ್ಪುತ್ತದೆ. ಬಿರಿಯಾನಿಗೆ ರೋಸೆ ಸಾಕು. ಖಾರವಿಲ್ಲದೆ ಕಾಳುಮೆಣಸು, ಬೆಳ್ಳುಳ್ಳಿ ಹಚ್ಚಿ ಹುರಿದ ಬಾತುಕೋಳಿ ಅಥವಾ ಕುರಿಮಾಂಸವಿದ್ದಲ್ಲಿ ಮಾತ್ರ ಗಟ್ಟಿ ಕೆಂಪು ದ್ರಾಕ್ಷಾರಸಕ್ಕೆ ಅವಕಾಶವುಂಟು. ಒಂದೇ ಬಗೆಯನ್ನು ತಂದು ಎಲ್ಲಕ್ಕೂ ಹೊಂದಿಸಬೇಕಾದವರು ಬುರುಗು ಬರುವ ದ್ರಾಕ್ಷಾರಸವನ್ನು ತರಬಹುದು. ಅದು ಕರಿದ ತಿಂಡಿಯಿಂದ ಹಿಡಿದು ಮುಖ್ಯ ಊಟದವರೆಗೆ ನಡೆಯುತ್ತದೆ.

ಕುಸ್ವಾರ್ ಹಾಗೂ ಕೇಕ್‌ಗೆ ಬೇರೆಯೇ ನಿಯಮ. ಕುಡಿಯುವುದು ತಿನ್ನುವುದಕ್ಕಿಂತ ಹೆಚ್ಚು ಸಿಹಿಯಾಗಿರಬೇಕು. ಇಲ್ಲವಾದಲ್ಲಿ ಒಳ್ಳೆಯ ದ್ರಾಕ್ಷಾರಸವೂ ಹುಳಿಯಾಗಿ ತೋರುತ್ತದೆ. ಕಿಡಿಯೊ, ನೆವ್ರ್ಯೊ, ಕೊಕ್ಕಿಸಾಂ, ಒಣಹಣ್ಣಿನ ಪ್ಲಮ್ ಕೇಕ್ ಇವುಗಳ ಜೊತೆಗೆ ಹಣ್ಣನ್ನು ಬಳ್ಳಿಯಲ್ಲೇ ಹೆಚ್ಚು ಮಾಗಲು ಬಿಟ್ಟು ತಯಾರಿಸಿದ ಸಿಹಿ ಬಿಳಿ ದ್ರಾಕ್ಷಾರಸ ಅಥವಾ ಪೋರ್ಟ್ ಮಾದರಿಯ ಸಿಹಿ ಕೆಂಪು ದ್ರಾಕ್ಷಾರಸವನ್ನು ಚಿಕ್ಕ ಲೋಟದಲ್ಲಿ ಕೊಡಬಹುದು. ಪೋರ್ಚುಗಲ್ಲಿನ ನಿಜವಾದ ಪೋರ್ಟಿಗೆ ದ್ರಾಕ್ಷಿಯ ಮದ್ಯಸಾರ ಬೆರೆಸಿರುತ್ತಾರಾದ್ದರಿಂದ ಅದು ಶೇಕಡ 20ರ ಆಸುಪಾಸಿನ ಕಡುಪಾನೀಯ. ನಮ್ಮಲ್ಲಿ ಅದೇ ಹೆಸರಿನಿಂದ ಕರೆಯಲಾಗುವ ಬಾಟಲಿಗಳು ಸಾಮಾನ್ಯವಾಗಿ ಅದಕ್ಕಿಂತ ಸೌಮ್ಯ. ಹೆಸರನ್ನು ನಂಬದೆ ಲೇಬಲ್ಲಿನ ಮೇಲಿನ ಶೇಕಡಾವಾರು ಅಂಕಿಯನ್ನು ಓದತಕ್ಕದ್ದು.

ನಾಡಿನ ದ್ರಾಕ್ಷಿ, ಅಂಗಡಿಯ ಬಾಟಲಿ

ಬೆಂಗಳೂರು ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರ ಭಾಗಗಳಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಇದರ ಘಾಟು ಕೂಡಿದ ವಿಶಿಷ್ಟ ಪರಿಮಳವನ್ನು ಪರದೇಶದ ಪರಿಣತರು ಮೆಚ್ಚದಿರಬಹುದು. ಆದರೆ ಹಬ್ಬದ ಸಿಹಿ ದ್ರಾಕ್ಷಾರಸವೆಂದರೆ ಇಲ್ಲಿಯ ಹಲವು ಮನೆಗಳಿಗೆ ನೆನಪಾಗುವುದು ಇದೇ ಪರಿಮಳ. ಸಿಹಿ ಪಾನೀಯ ಹಾಗೂ ಹಣ್ಣಿನ ರಸಕ್ಕೆ ಇದು ಯೋಗ್ಯ. ಊಟದ ಜೊತೆಯ ದ್ರಾಕ್ಷಾರಸಕ್ಕೆ ಬೇಕಾದ ಫ್ರಾನ್ಸ್ ಮೂಲದ ತಳಿಗಳನ್ನು ನಂದಿ ಬೆಟ್ಟದ ತಪ್ಪಲಿನಲ್ಲಿ 1980ರ ದಶಕದ ಕೊನೆಯಿಂದ ಬೆಳೆಯಲಾಗುತ್ತಿದೆ. ಕರ್ನಾಟಕ ದ್ರಾಕ್ಷಿ ಸಂಸ್ಕರಣಾ ಹಾಗೂ ವೈನ್ ನೀತಿ, 2007 ಜಾರಿಯಾದ ನಂತರ ದ್ರಾಕ್ಷಾರಸವನ್ನು ಮಾತ್ರ ಮಾರುವ ಮಳಿಗೆಗಳಿಗೂ ಅವಕಾಶವಾಯಿತು.

‘ವೈನ್ಸ್’ ಎಂಬ ಫಲಕವಿರುವ ಅಂಗಡಿಗಳಲ್ಲಿ ನಿಜವಾದ ವೈನ್ ಒಂದೆರಡು ಸಾಲು ಮಾತ್ರ ಇರುವುದನ್ನು ಎಲ್ಲರೂ ಕಂಡಿರಬಹುದು. ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿಯನ್ನು, ವಿಶೇಷವಾಗಿ ಬಿಳಿ ಮತ್ತು ರೋಸೆಯನ್ನು, ಕೊಳ್ಳದಿರುವುದು ಒಳ್ಳೆಯದು. ಬೆಂಡು ಮೇಲಕ್ಕೆ ಉಬ್ಬಿದ್ದರೆ ಅಥವಾ ಕುತ್ತಿಗೆಯಲ್ಲಿ ಸೋರಿದ ಕಲೆಯಿದ್ದರೆ ಬಾಟಲಿ ಬಿಸಿಗೆ ಸಿಕ್ಕಿದೆ ಎಂದು ತಿಳಿಯಬಹುದು. ಕಡಿಮೆ ಬೆಲೆಯ ಬಿಳಿ ದ್ರಾಕ್ಷಾರಸ ಇಟ್ಟಷ್ಟೂ ಉತ್ತಮವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಇತ್ತೀಚಿನ ವರ್ಷದ್ದನ್ನೇ ಕೇಳತಕ್ಕದ್ದು.

ಬಡಿಸುವ ತಾಪವನ್ನು ಕುರಿತು ಒಂದು ಮಾತು. ಕೆಂಪು ದ್ರಾಕ್ಷಾರಸವನ್ನು ‘ಕೋಣೆಯ ತಾಪದಲ್ಲಿ’ ಕೊಡಬೇಕೆಂಬ ಮಾತು ತಂಪು ದೇಶಗಳ ಕೋಣೆಗೆ ಸಂಬಂಧಿಸಿದ್ದು. ಕರಾವಳಿಯಲ್ಲಿ ಡಿಸೆಂಬರಿನಲ್ಲಿಯೂ ಹಗಲಿನ ತಾಪ 30 ಡಿಗ್ರಿ ಮೀರುತ್ತದೆ. ಆ ತಾಪದಲ್ಲಿ ದ್ರಾಕ್ಷಾರಸದ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ. ಕೆಂಪನ್ನು ಊಟಕ್ಕೆ ಮುನ್ನ ಫ್ರಿಜ್ಜಿನಲ್ಲಿರಿಸಿ ಸುಮಾರು 16 ಡಿಗ್ರಿಗೆ ತರಬೇಕು. ಬಿಳಿ ಮತ್ತು ರೋಸೆಯನ್ನು 8ರಿಂದ 10 ಡಿಗ್ರಿಯಲ್ಲಿ ಕೊಡಬಹುದು. ಫ್ರಿಜ್ಜಿನಲ್ಲಿ ಸ್ಥಳವಿಲ್ಲದಿದ್ದಲ್ಲಿ ಬಕೆಟ್ಟಿನಲ್ಲಿ ನೀರು, ಮಂಜುಗಡ್ಡೆ, ಒಂದು ಹಿಡಿ ಉಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿಟ್ಟರೆ ಬೇಗನೆ ತಣಿಯುತ್ತದೆ.

ಮನೆಯಲ್ಲಿ ತಯಾರಿಸುವ ದ್ರಾಕ್ಷಾರಸ

ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಯೀಸ್ಟ್ ಇವುಗಳನ್ನು ಭರಣಿಯಲ್ಲಿ ಹಾಕಿ ದಿನವೂ ಕದಡಿ 21 ದಿನಗಳ ನಂತರ ಸೋಸಿ ಹಬ್ಬಕ್ಕೆ ಬಳಸುವ ಪದ್ಧತಿಯು ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಈ ಬಗ್ಗೆ ಸಾರ್ವಜನಿಕರಲ್ಲಿ ಇರುವ ತಿಳಿವಳಿಕೆಯನ್ನು ಸ್ಪಷ್ಟಪಡಿಸುವುದು ಅವಶ್ಯ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಮೇರೆಗೆ ಮಾದಕ ಪಾನೀಯದ ತಯಾರಿಕೆಗೆ ಸನ್ನದು ಬೇಕು. ‘ಮಾರಾಟ ಮಾಡುವುದಿಲ್ಲ, ಮನೆಮಂದಿಗೆ ಮಾತ್ರ’ ಎಂಬ ಸಮಜಾಯಿಷಿಯಿಂದ ತಯಾರಿಕೆಯು ಕ್ರಮಬದ್ಧವಾಗುವುದಿಲ್ಲ. ಬಾಟಲಿಗಳಲ್ಲಿ ತುಂಬಿ ನೆರೆಹೊರೆಗೆ, ಪ್ರವಾಸಿಗರಿಗೆ ಅಥವಾ ಅಂತರ್ಜಾಲದ ಮೂಲಕ ಮಾರುವುದು ಇನ್ನೂ ಗಂಭೀರವಾದುದು.

ಕಾನೂನಿನ ಮಾತು ಹಾಗಿರಲಿ, ಅಪಾಯದ ಮಾತೂ ಇದೆ. ಹುದುಗು ಪೂರ್ತಿ ನಿಲ್ಲುವ ಮುನ್ನ ಗಾಜಿನ ಬಾಟಲಿಗೆ ತುಂಬಿ ಬಿರಡೆ ಬಿಗಿದರೆ ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಉಡುಗೊರೆಯಾಗಿ ಬಂದ ಇಂತಹ ಬಾಟಲಿಯನ್ನು ಮಕ್ಕಳ ಕೈಗೆಟಕುವಲ್ಲಿ ಇಡಬಾರದು. ‘ಕಿಕ್’ ಬರಲೆಂದು ಮೂಲ ತಿಳಿಯದ ಸ್ಪಿರಿಟ್ ಬೆರೆಸಿದ ಪಾನೀಯವನ್ನು ಯಾವ ಕಾರಣಕ್ಕೂ ಕುಡಿಯಬಾರದು. ಮೆಥನಾಲ್ ಸೇರಿದ ಸ್ಪಿರಿಟ್ಟಿನಿಂದ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಕುಡಿದ ಹಲವು ಗಂಟೆಗಳ ನಂತರ ದೃಷ್ಟಿ ಮಂಜಾದರೆ, ಹೊಟ್ಟೆನೋವು, ಏದುಸಿರು ಕಂಡುಬಂದರೆ ‘ನಿಶೆ ಇಳಿಯಲಿ’ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಮುದ್ರಿತವಾದ ಫೆನಿ ಮುಂತಾದ ಮದ್ಯವನ್ನು ಪರವಾನಗಿಯಿಲ್ಲದೆ ಗಡಿ ದಾಟಿಸಿ ತರುವುದೂ ಅಪರಾಧವೇ.

ಮದ್ಯಸಾರವಿಲ್ಲದ ಪಾನೀಯಗಳು

ಅತಿಥಿಗಳಲ್ಲಿ ಮಕ್ಕಳು, ಗರ್ಭಿಣಿಯರು, ಔಷಧ ಸೇವಿಸುವವರು, ವಾಹನ ಚಾಲಕರು, ಕುಡಿತ ಬಿಟ್ಟವರು ಇದ್ದೇ ಇರುತ್ತಾರೆ. ಅವರಿಗೆ ಬಣ್ಣದ ಸೋಡಾ ಕೊಟ್ಟು ಮೂಲೆಯಲ್ಲಿ ಕೂರಿಸುವುದು ಆತಿಥ್ಯವಲ್ಲ. ಆಂಗ್ಲೋ-ಇಂಡಿಯನ್ ಮನೆಗಳ ‘ಜಿಂಜರ್ ವೈನ್’ ಹೆಸರಿಗೆ ವೈನ್ ಆದರೂ ಯೀಸ್ಟ್ ಹಾಕದೆ ಮಾಡಿದಾಗ ಅದರಲ್ಲಿ ಮದ್ಯಸಾರ ಇರುವುದಿಲ್ಲ: ಜಜ್ಜಿದ ಹಸಿಶುಂಠಿ, ಚಕ್ಕೆ, ಲವಂಗ, ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಕಂದಿಸಿದ ಸಕ್ಕರೆಯಿಂದ ಬಣ್ಣ ಕೊಟ್ಟು, ತಣಿದ ಮೇಲೆ ನಿಂಬೆರಸ ಹಿಂಡುತ್ತಾರೆ. ಬಫಾತಿನ ಜೊತೆಗೆ ಕರಾವಳಿಯ ಪುನರ್ಪುಳಿ ಶರಬತ್ತು ಅನೇಕ ಬಿಳಿ ದ್ರಾಕ್ಷಾರಸಗಳಿಗಿಂತ ಚೆನ್ನಾಗಿ ಹೊಂದುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಹುಳಿ, ಬಣ್ಣ, ತುಸು ಒಗರು ಮೂರೂ ಅದರಲ್ಲಿವೆ. ಮನೆ ದ್ರಾಕ್ಷಾರಸದ ಪರಿಮಳ ಬಯಸುವವರು ಬೆಂಗಳೂರು ನೀಲಿ ದ್ರಾಕ್ಷಿಯನ್ನು ಚಕ್ಕೆ, ಲವಂಗದೊಡನೆ ಕುದಿಸಿ ಸೋಸಿ ಫ್ರಿಜ್ಜಿನಲ್ಲಿಟ್ಟು ಮೂರು ದಿನಗಳೊಳಗೆ ಬಳಸಬಹುದು. ಬುರುಗು ಬರಲು ತೊಡಗಿದರೆ ಹುದುಗು ಹಿಡಿದಿದೆ ಎಂದು ತಿಳಿದು ಚೆಲ್ಲತಕ್ಕದ್ದು.

ಪ್ರಮಾಣ

750 ಮಿಲಿಲೀಟರಿನ ಒಂದು ಬಾಟಲಿಯಿಂದ 150 ಮಿಲಿಲೀಟರಿನ ಐದು ಲೋಟಗಳಾಗುತ್ತವೆ. ಊಟದ ಜೊತೆ ಒಬ್ಬರಿಗೆ ಎರಡು ಲೋಟವೆಂದು ಲೆಕ್ಕ ಹಿಡಿದರೆ, ಕುಡಿಯುವವರು ಹತ್ತು ಜನರಿದ್ದಲ್ಲಿ ನಾಲ್ಕು ಬಾಟಲಿ ಸಾಕು. ಶೇಕಡ 12.5ರ ಒಂದು ಲೋಟ ದ್ರಾಕ್ಷಾರಸದಲ್ಲಿ ಸುಮಾರು 19 ಮಿಲಿಲೀಟರ್ ಶುದ್ಧ ಮದ್ಯಸಾರವಿದ್ದರೆ, ಶೇಕಡ 42.8ರ ವಿಸ್ಕಿ ಅಥವಾ ರಮ್ಮಿನ 30 ಮಿಲಿಲೀಟರಿನಲ್ಲಿ ಸುಮಾರು 13 ಇರುತ್ತದೆ. ಶೇಕಡ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಾದರೋ 52. ‘ಬಿಯರ್ ತಾನೆ’ ಎಂದು ಕುಡಿದವರ ಒಡಲಿಗೆ ನಾಲ್ಕು ಪೆಗ್ಗಿನಷ್ಟು ಸೇರಿರುತ್ತದೆ. ಆರೋಗ್ಯಕ್ಕೆ ಪೂರ್ಣ ಸುರಕ್ಷಿತವೆನ್ನಬಹುದಾದ ಮದ್ಯಸಾರದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿದೆ.

ಸನ್ನದು ಹಾಗೂ ಇತರ ನಿಯಮಗಳು

ಸ್ವಂತ ಮನೆಯಲ್ಲಿ, ಸನ್ನದುಳ್ಳ ಅಂಗಡಿಯಿಂದ ಮಿತಿಯೊಳಗೆ ಕೊಂಡುದನ್ನು ಹಣ ಪಡೆಯದೆ ಅತಿಥಿಗಳಿಗೆ ಕೊಡುವುದಕ್ಕೆ ಪ್ರತ್ಯೇಕ ಸನ್ನದಿನ ಅಗತ್ಯವಿರುವುದಿಲ್ಲ. ಖರೀದಿ ರಸೀದಿಯನ್ನು ಇಟ್ಟುಕೊಂಡಿರತಕ್ಕದ್ದು. ಸಭಾಭವನ, ಕಲ್ಯಾಣ ಮಂಟಪ, ಬಯಲು ಆವರಣ ಮುಂತಾದ ಸನ್ನದಿಲ್ಲದ ಸ್ಥಳದಲ್ಲಿ ಮದ್ಯ ಒದಗಿಸುವ ಸಮಾರಂಭಕ್ಕೆ ಸಿ.ಎಲ್.-5 ಸಾಂದರ್ಭಿಕ ಸನ್ನದು ಪಡೆಯಬೇಕು. ಅರ್ಜಿಯನ್ನು ಸಂಬಂಧಪಟ್ಟ ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ ಸಲ್ಲಿಸತಕ್ಕದ್ದು. ಕ್ರಿಸ್ಮಸ್ ಮತ್ತು ಹೊಸ ವರ್ಷದ ವಾರದಲ್ಲಿ ಅರ್ಜಿಗಳು ಹೆಚ್ಚಾಗಿ ಬರುವುದರಿಂದ ಕೊನೆಯ ದಿನದವರೆಗೆ ಕಾಯದೆ ಡಿಸೆಂಬರ್ ಮೊದಲ ವಾರದಲ್ಲಿಯೇ ವಿಚಾರಿಸುವುದು ಲೇಸು. ಅರ್ಜಿಯಲ್ಲಿ ಸ್ಥಳ, ದಿನಾಂಕ, ವೇಳೆಯನ್ನು ಸ್ಪಷ್ಟವಾಗಿ ನಮೂದಿಸಬೇಕು. ಸ್ಥಳದ ಮಾಲೀಕರ ಒಪ್ಪಿಗೆ ಪತ್ರವನ್ನು ಮೊದಲೇ ಪಡೆದಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ. ಶುಲ್ಕವು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿಯ ಸಮಯದಲ್ಲಿ ಖಚಿತಪಡಿಸಿಕೊಳ್ಳಬೇಕು.

ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳು, 1967ರಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಈ ವಯಸ್ಸನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಪ್ರಕಟವಾಗಿ ಆನಂತರ ಹಿಂಪಡೆಯಲ್ಪಟ್ಟಿದೆ. ಹಬ್ಬದ ಸಾಮಾನಿಗೆಂದು ಮಕ್ಕಳನ್ನು ಅಂಗಡಿಗೆ ಕಳುಹಿಸಬಾರದು.

ಮೋಟಾರು ವಾಹನಗಳ ಅಧಿನಿಯಮ, 1988ರ 185ನೇ ಪ್ರಕರಣದಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಚಲಾಯಿಸಿದರೆ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಉಂಟು. ಈ ಮಿತಿ ಬಹಳ ಕೆಳಮಟ್ಟದ್ದು. ಊಟದ ಜೊತೆಯ ಎರಡು ಲೋಟಗಳೇ ಅನೇಕರನ್ನು ಅದರಾಚೆಗೆ ಒಯ್ಯಬಲ್ಲವು. ಸಮಾರಂಭ ನಡೆಸುವವರು ಅತಿಥಿಗಳ ಮರಳುವಿಕೆಗೆ ಬಾಡಿಗೆ ವಾಹನವನ್ನೋ ಕುಡಿಯದ ಚಾಲಕರನ್ನೋ ಪಾನೀಯಗಳ ಪಟ್ಟಿ ಮಾಡುವಾಗಲೇ ಗೊತ್ತುಪಡಿಸಿಕೊಳ್ಳತಕ್ಕದ್ದು. ರಾತ್ರಿ ಹನ್ನೊಂದರ ನಂತರ ಅಂತಹ ಏರ್ಪಾಡು ಸುಲಭವಾಗಿ ಆಗುವುದಿಲ್ಲ.