ಲೆಕ್ಕ ಬರೆಯೋಕೂ ಜಾಗ ಬೇಕು

1 ಟಿಬಿ ಮೆಮೊರಿ ಇರುವ ಒಂದು ಲಿನಕ್ಸ್ ಸರ್ವರ್ ಇದೆ ಅಂದ್ಕೊಳ್ಳಿ. ಅದರಲ್ಲಿ 16 ಜಿಬಿ ಬರೀ ಲೆಕ್ಕ ಬರೆಯೋಕೇ ಹೋಗತ್ತೆ ಅಂದರೆ ನಂಬ್ತೀರಾ? ನಮ್ಮಲ್ಲಿ ಹಲವರ ಲ್ಯಾಪ್‌ಟಾಪಿನ ಇಡೀ ಮೆಮೊರಿಯೇ ಅಷ್ಟು. ಯಾವ ತುಂಡು ಖಾಲಿ ಇದೆ, ಯಾವುದು ಯಾರ ಬಳಕೆಯಲ್ಲಿದೆ ಅಂತ ಕರ್ನಲ್ ಬರೆದಿಟ್ಟುಕೊಳ್ಳುವ ಖಾತೆಪುಸ್ತಕ ಅದು. ಈ ಪುಸ್ತಕ ಇಷ್ಟು ದಪ್ಪ ಆಗಿದ್ದು ಹೇಗೆ, ಅದನ್ನು ತೆಳ್ಳಗೆ ಮಾಡಲು ಹೋದವರು ಏನು ಬೆಲೆ ತೆತ್ತರು ಅನ್ನೋದು ನನಗೆ ಬಹಳ ಇಷ್ಟವಾದ ಕಥೆ.

ಮೆಮೊರಿಯನ್ನು ಒಂದೇ ಅಳತೆಯ ಪುಟಗಳಾಗಿ ಹಂಚುವ ಉಪಾಯ ಹಳೆಯದು. 1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಶುರುಮಾಡಿದ ಅಟ್ಲಾಸ್ ಕಂಪ್ಯೂಟರಿನಲ್ಲೇ ಅದಿತ್ತು. 1985ರಲ್ಲಿ ಬಂದ ಇಂಟೆಲ್‌ನ 80386 ಚಿಪ್ 4 ಕೆಬಿಯ ಪುಟವನ್ನು ಪಿಸಿಗೆ ತಂತು. ಎಂಬಿಗಳಲ್ಲಿ ಮೆಮೊರಿ ಎಣಿಸುತ್ತಿದ್ದ ಕಾಲಕ್ಕೆ ಅದು ಸರಿಯಾದ ಅಳತೆಯೇ. ಆಮೇಲೆ ಮೆಮೊರಿ ಲಕ್ಷಗಟ್ಟಲೆ ಪಟ್ಟು ಬೆಳೀತು, ಪುಟ ಮಾತ್ರ 4 ಕೆಬಿಯಲ್ಲೇ ನಿಂತುಬಿಡ್ತು.

ಮೊದಲು ಕಂಡ ತೊಂದರೆ ವೇಗದ್ದು. ಯಾವ ಪುಟ ಎಲ್ಲಿದೆ ಅನ್ನೋದನ್ನು ಪ್ರೊಸೆಸರ್ ಟಿಎಲ್‌ಬಿ ಎಂಬ ಪುಟ್ಟ ಪಟ್ಟಿಯಲ್ಲಿ ಇಟ್ಟುಕೊಂಡಿರತ್ತೆ. ಪಟ್ಟಿಯಲ್ಲಿ 64 ಸಾಲು ಇದ್ದರೆ, 4 ಕೆಬಿ ಲೆಕ್ಕದಲ್ಲಿ ಅದು ತಲುಪೋದು 256 ಕೆಬಿ ಮಾತ್ರ. ಪುಟವನ್ನೇ ದೊಡ್ಡದು ಮಾಡಿದರೆ? 1993ರ ಪೆಂಟಿಯಂನಲ್ಲಿ 4 ಎಂಬಿ ಪುಟ ಬಂತು, 64 ಬಿಟ್ ಚಿಪ್‌ಗಳಲ್ಲಿ 2 ಎಂಬಿ, 1 ಜಿಬಿ ಪುಟಗಳು ಬಂದವು. ಇವೇ ಹ್ಯೂಜ್ ಪೇಜ್‌ಗಳು. 2003ರ ಕೊನೆಗೆ ಬಂದ ಲಿನಕ್ಸ್ 2.6ರಲ್ಲಿ ಅವುಗಳನ್ನು ಮುಂಚೆಯೇ ಕಾದಿರಿಸಿ ಬಳಸಬಹುದಿತ್ತು. 2011ರ 2.6.38ರಿಂದ ಕರ್ನಲ್ ತಾನಾಗಿಯೇ ಕೊಡಲು ಶುರುಮಾಡಿತು. ಅದರಲ್ಲೂ ಒಂದು ಪೇಚು: ಸ್ವಲ್ಪ ಜಾಗ ಸಾಕು ಅಂದವರಿಗೂ 2 ಎಂಬಿ ಸಿಗಬಹುದು, ಉಳಿದದ್ದು ದಂಡ. ರೆಡಿಸ್‌ನಂಥ ಡೇಟಾಬೇಸ್‌ಗಳು ಈ ಸೌಲಭ್ಯವನ್ನು ಆಫ್ ಮಾಡಿ ಅಂತಲೇ ಹೇಳತ್ವೆ.

ಈಗ ಖಾತೆಪುಸ್ತಕಕ್ಕೆ ಬರೋಣ. ಪ್ರತಿ 4 ಕೆಬಿ ಪುಟಕ್ಕೂ ಕರ್ನಲ್ 64 ಬೈಟ್‌ನ ಒಂದು ಚೀಟಿ ಇಡತ್ತೆ. ಅಂದರೆ 64ರಲ್ಲಿ ಒಂದು ಪಾಲು. 2 ಎಂಬಿ ಪುಟ ಒಂದೇ ಆದರೂ ಅದಕ್ಕೆ ಹಳೆಯ ಲೆಕ್ಕದಂತೆ 512 ಚೀಟಿ, ಒಟ್ಟು 32 ಕೆಬಿ. ಮೊದಲ ಕೆಲವು ಚೀಟಿಗಳಲ್ಲಿ ಮಾತ್ರ ಕೆಲಸದ ವಿಷಯ ಇರತ್ತೆ. ಉಳಿದವು ಹೇಳೋದು ಒಂದೇ ಮಾತು: 'ಯಜಮಾನ ಅಲ್ಲಿದ್ದಾನೆ, ಅಲ್ಲೇ ಕೇಳಿ.'

ಈ ಪೋಲನ್ನು ನಿಲ್ಲಿಸಿದ್ದು ಆಗ ಟಿಕ್‌ಟಾಕ್‌ನ ಮಾತೃಸಂಸ್ಥೆ ಬೈಟ್‌ಡಾನ್ಸ್‌ನಲ್ಲಿದ್ದ ಮುಚುನ್ ಸಾಂಗ್. ಅವರ ಕೆಲಸ 2021ರಲ್ಲಿ ಲಿನಕ್ಸ್ 5.14ಕ್ಕೆ ಸೇರಿತು. ಉಪಾಯ ಸರಳ. 512 ಚೀಟಿಗಳು ತುಂಬೋದು 8 ಪುಟ. ಒಂದೇ ಮಾತು ಹೇಳುವ ಪುಟಗಳನ್ನೆಲ್ಲ ಒಂದೇ ಪ್ರತಿಯ ಕಡೆ ತಿರುಗಿಸಿ, ಉಳಿದವನ್ನು ಬಿಟ್ಟುಕೊಡೋದು. ಮೊದಲು 8ರಲ್ಲಿ 6 ಪುಟ ಉಳಿಯುತ್ತಿತ್ತು, ನಂತರ 7. 1 ಟಿಬಿ ಪೂರ್ತಿ 2 ಎಂಬಿ ಪುಟಗಳಾಗಿದ್ದರೆ 16 ಜಿಬಿಯಲ್ಲಿ 14 ಜಿಬಿ ವಾಪಸ್!

ಆದರೆ ಬಿಟ್ಟಿ ಏನೂ ಸಿಗಲ್ಲ. ಹ್ಯೂಜ್ ಪೇಜ್ ಮಾಡುವಾಗಲೂ ಮುರಿಯುವಾಗಲೂ ಕೆಲಸ ಹೆಚ್ಚು, ಸಮಯವೂ ಹೆಚ್ಚು. ನಿಜವಾದ ಬಿಕ್ಕಟ್ಟು ಇನ್ನೊಂದು. ದೊಡ್ಡ ಪುಟವನ್ನು ಮುರಿದು ಸಣ್ಣ ಪುಟಗಳಾಗಿ ಹಿಂದಿರುಗಿಸಬೇಕಾದರೆ 512 ಚೀಟಿಗಳೂ ಮತ್ತೆ ಬೇಕು. ಅಂದರೆ ಮೆಮೊರಿ ಬಿಡುಗಡೆ ಮಾಡೋಕೆ ಮೊದಲು ಮೆಮೊರಿ ಬೇಕು! ಸಾಮಾನ್ಯವಾಗಿ ನಾವು ಪುಟ ಹಿಂದಿರುಗಿಸಲು ಹೊರಡೋದೇ ಮೆಮೊರಿ ಸಾಲದೆ ಬಂದಾಗ. ಆ ಹೊತ್ತಿಗೆ 7 ಪುಟ ಸಿಗದಿದ್ದರೆ ಕರ್ನಲ್ ಆ 2 ಎಂಬಿಯನ್ನು ಬಿಡದೆ ತನ್ನ ದೊಡ್ಡ ಪುಟಗಳ ದಾಸ್ತಾನಿನಲ್ಲೇ ಇಟ್ಟುಕೊಳ್ಳತ್ತೆ. ಅದಕ್ಕೇ ಇದನ್ನು ಎಲ್ಲರ ಮೇಲೆ ಹೇರದೆ, ಬೇಕಾದವರು ಬೂಟ್ ಆಗುವಾಗಲೇ ಆನ್ ಮಾಡಿಕೊಳ್ಳುವ ಹಾಗೆ ಬಿಟ್ಟಿದ್ದು.

ನನ್ನ ಪ್ರಕಾರ ಇದು ಉಳಿತಾಯಕ್ಕಿಂತ ಹೆಚ್ಚಾಗಿ ಒಂದು ಪಂದ್ಯ. ನಾಳೆ ಈ ಪುಟ ಮುರಿಯೋ ಪ್ರಸಂಗ ಬರಲ್ಲ ಅಂತ ಕಟ್ಟುವ ಪಂದ್ಯ. ದಿನವಿಡೀ ಒಂದೇ ಕೆಲಸ ಮಾಡುವ ದೊಡ್ಡ ಸರ್ವರ್‌ಗಳಲ್ಲಿ ಗೆಲುವು ಬಹುತೇಕ ಖಚಿತ. ಕ್ಷಣಕ್ಕೊಂದು ರೂಪ ತಾಳುವ ಮಷೀನ್‌ಗಳಲ್ಲಿ ಹಾಗೆ ಹೇಳೋಕಾಗಲ್ಲ. ಚೀಟಿಯನ್ನೇ 64 ಬೈಟ್‌ನಿಂದ 8 ಬೈಟ್‌ಗೆ ಇಳಿಸುವ ಯೋಜನೆಯೂ ಲಿನಕ್ಸ್ ಬಳಗದಲ್ಲಿದೆ. ಅದು ಕೈಗೂಡಿದರೆ ಖಾತೆಪುಸ್ತಕ ಎಲ್ಲರಿಗೂ ತೆಳ್ಳಗಾಗತ್ತೆ, ಈ ಪಂದ್ಯ ಕಟ್ಟುವ ಅಗತ್ಯವೂ ಬಹುಮಟ್ಟಿಗೆ ತಪ್ಪತ್ತೆ. ಅಲ್ಲಿವರೆಗೆ, ಎಷ್ಟು ಜಿಬಿ ಉಳೀತು ಅಂತ ಯಾರಾದರೂ ಹೇಳಿದರೆ, ಅದನ್ನು ವಾಪಸ್ ಕೊಡಬೇಕಾದ ದಿನ ಏನಾಗತ್ತೆ ಅಂತಲೂ ಒಮ್ಮೆ ಕೇಳಿ.